ಅಜ್ಜಿಯ ಕೌದಿ

ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು, ಅಜ್ಜನ ಧೋತರ, ನನ್ನ ಕುಲಾಯಿಯ ಚೂರು ಕಾಣುತ್ತವೆ. ಇಷ್ಟೂ ಪದರಗಳನ್ನು ಹಿಡಿದಿಟ್ಟದ್ದು ಅಂಚಿನಿಂದ ಸುತ್ತುತ್ತ ನಡುವಿಗೆ ಬರುವ ಸಾದಾ ಸಾಲುಹೊಲಿಗೆ. ಎಂಥ ತಾಳ್ಮೆ!

ಹರಿದ ಚೂರುಗಳನ್ನು ಕಿತ್ತು ತೆಗೆಯಲು ಮನಸ್ಸಾಗಲಿಲ್ಲ. ಅವುಗಳ ಅಡಿಗೆ ಮೆತ್ತನೆಯ ಹಳೇ ಹತ್ತಿಬಟ್ಟೆ ತೂರಿಸಿ ಸಣ್ಣ ಟಾಕು ಹಾಕಿದೆ. ದಾರವೂ ಹತ್ತಿಯದೇ; ಗಟ್ಟಿ ಪಾಲಿಯೆಸ್ಟರ್ ಎಳೆ ಜೀರ್ಣವಾದ ಬಟ್ಟೆಯನ್ನೇ ಕೊಯ್ಯುತ್ತದೆ. ಒದ್ದೆ ಬಿಳಿ ಅರಿವೆ ಒತ್ತಿ ನೋಡಿದಾಗ ಕೆಂಪು ಬಿಟ್ಟಿತು. ಹಾಗಾಗಿ ನೀರಿಗಿಳಿಸದೆ ನೆರಳಿನ ಗಾಳಿಗೆ ಹರಡಿದೆ. ಮಡಿಕೆಯಲ್ಲೇ ಬಟ್ಟೆ ಮೊದಲು ಸೀಳುವುದರಿಂದ, ಈಗ ಪಂಚೆಯೊಳಗೆ ಸುರುಳಿ ಸುತ್ತಿಟ್ಟಿದ್ದೇನೆ.

ಯಲ್ಲಾಪುರದ ಸಿದ್ದಿ ಸಮುದಾಯದ ಹೆಂಗಸರ ಕೌದಿಯ ಮೂಲೆಗಳಲ್ಲಿ ಬಟ್ಟೆಯ ಹೂವಿರುತ್ತದೆ. ನಮ್ಮದರ ಒಂದು ಮೂಲೆಯಲ್ಲಿ ಅಜ್ಜಿಯ ಓರೆ ಹೊಲಿಗೆಯಿದೆ, ಕಣ್ಣು ಮಂಜಾದ ಕಾಲದ್ದು. ಅದನ್ನು ಮುಟ್ಟಲಿಲ್ಲ.