ರೂಢನಾಮ, ಅಂಕಿತನಾಮ ಮತ್ತು ದೊಡ್ಡಕ್ಷರ: ಚರಿತ್ರೆಯ ದೃಷ್ಟಿಯಿಂದ ಒಂದು ವಿಮರ್ಶೆ

ಇಂಗ್ಲಿಷ್ ವ್ಯಾಕರಣವು ನಾಮಪದಗಳನ್ನು ಕಾಮನ್ ನೌನ್, ಪ್ರಾಪರ್ ನೌನ್ ಎಂದು ವಿಂಗಡಿಸುವುದು ವಾಚಕರಿಗೆ ವಿದಿತವೇ ಆಗಿದೆ. ಒಂದು ಜಾತಿಯ ವಸ್ತುಗಳಿಗೆಲ್ಲ ಸಮಾನವಾಗಿ ಸಲ್ಲುವ ಹೆಸರು ಮೊದಲನೆಯದು. ಒಬ್ಬ ವ್ಯಕ್ತಿಗೆ ಅಥವಾ ಒಂದು ಸ್ಥಳಕ್ಕೆ ಸ್ವಂತವಾದ ಹೆಸರು ಎರಡನೆಯದು. ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ‘ಪ್ರಾಪರ್’ ಎಂಬ ಪದಕ್ಕೆ ಇಲ್ಲಿ ‘ಸ್ವಂತ’ ಎಂದೇ ಅರ್ಥವೆಂದು ವಿವರಿಸಿ, ಇಂತಹ ಹೆಸರುಗಳನ್ನು ದೊಡ್ಡಕ್ಷರದಿಂದ ಆರಂಭಿಸಬೇಕೆಂದು ವಿಧಿಸುತ್ತದೆ. ಈ ವಿಧಿಯಲ್ಲಿ ದೋಷವಿಲ್ಲ. ದೋಷವಿರುವುದು ಅದನ್ನು ತಲೆಕೆಳಗುಮಾಡಿ ಬೋಧಿಸುವುದರಲ್ಲಿ. ಅಂಕಿತನಾಮವಾದುದರಿಂದ ದೊಡ್ಡಕ್ಷರ ಬರುತ್ತದೆ ಎನ್ನುವುದಕ್ಕೆ ಬದಲಾಗಿ, ದೊಡ್ಡಕ್ಷರವಿರುವುದರಿಂದ ಅದು ಅಂಕಿತನಾಮ ಎಂದು ವಿದ್ಯಾರ್ಥಿಯು ಕಲಿಯುತ್ತಾನೆ. ಭಾಷೆಯ ಪರೀಕ್ಷೆಯಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ಚರಿತ್ರೆಯ ಆಧಾರಗಳನ್ನು ಓದುವಾಗ ಇದು ಅನರ್ಥಕ್ಕೆ ಎಡೆಗೊಡುತ್ತದೆ ಎಂಬುದೇ ನಮ್ಮ ವಾದ.

ದೊಡ್ಡಕ್ಷರವು ಬರವಣಿಗೆಯ ಒಂದು ಸಂಪ್ರದಾಯವೇ ಹೊರತು ಪದದ ಸ್ವಭಾವವಲ್ಲ. ಜರ್ಮನ್ ಭಾಷೆಯಲ್ಲಿ ನಾಮಪದಗಳೆಲ್ಲವೂ ದೊಡ್ಡಕ್ಷರದಿಂದ ಆರಂಭವಾಗುತ್ತವೆ. ಅಲ್ಲಿ ಮೇಜಿಗೂ ಬರ್ಲಿನ್ ನಗರಕ್ಕೂ ಈ ವಿಷಯದಲ್ಲಿ ಭೇದವಿಲ್ಲ. ಇಂಗ್ಲಿಷಿನಲ್ಲಿ ತಿಂಗಳುಗಳ ಹೆಸರಿಗೆ ಸಲ್ಲುವ ಗೌರವವು ಫ್ರೆಂಚ್‌ನಲ್ಲಿ ಸಲ್ಲುವುದಿಲ್ಲ. ಇಂಗ್ಲಿಷಿನಲ್ಲಿಯೇ 17 ಮತ್ತು 18ನೆಯ ಶತಮಾನಗಳ ಮುದ್ರಿತ ಗ್ರಂಥಗಳನ್ನು ತೆರೆದರೆ ಸಾಮಾನ್ಯ ವಸ್ತುವಾಚಕಗಳಿಗೂ ದೊಡ್ಡಕ್ಷರವಿರುವುದು ಕಾಣುತ್ತದೆ. ಹೀಗೆ ದೇಶಕಾಲಗಳಿಗೆ ಅನುಸಾರವಾಗಿ ಬದಲಾಗುವ ಚಿಹ್ನೆಯನ್ನು ಲಕ್ಷಣವೆಂದು ಹೇಗೆ ಒಪ್ಪುವುದು?

ನಮ್ಮ ಪ್ರದೇಶದ ಆಧಾರಗಳ ಸ್ಥಿತಿ ಇನ್ನೂ ವಿಶೇಷವಾದುದು. ಕನ್ನಡ ಶಾಸನಗಳ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಬಹಮನಿ ಕಾಲದ ಪಾರಸಿ ಬರಹಗಳಲ್ಲಿಲ್ಲ; 1948ರವರೆಗೆ ನಡೆದ ನಿಜಾಮರ ಆಡಳಿತದ ಉರ್ದು ಕಾಗದಪತ್ರಗಳಲ್ಲಿಲ್ಲ; ಮೋಡಿ ಲಿಪಿಯಲ್ಲಿಯೂ ಇಲ್ಲ. ಆದುದರಿಂದ ಇವುಗಳ ಇಂಗ್ಲಿಷ್ ಅನುವಾದದಲ್ಲಿ ನಾವು ಕಾಣುವ ಪ್ರತಿಯೊಂದು ದೊಡ್ಡಕ್ಷರವೂ ಮೂಲದಿಂದ ಬಂದುದಲ್ಲ, ಅನುವಾದಕನು ಇಟ್ಟುದು. ಅದು ಸಾಕ್ಷಿಯಲ್ಲ, ತೀರ್ಪು. ತೀರ್ಪನ್ನೇ ಸಾಕ್ಷಿಯೆಂದು ಹಿಡಿದವನು ಮೂಲವನ್ನು ಓದಿದಂತಾಗಲಿಲ್ಲ.

‘ಪಾಟೀಲ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಅದು ಮೊದಲು ಗ್ರಾಮದ ಮುಖ್ಯಾಧಿಕಾರಿಯ ಹುದ್ದೆಯನ್ನು ಹೇಳುವ ಪದ. ಕಾಲಕ್ರಮದಲ್ಲಿ ಮನೆತನದ ಅಡ್ಡಹೆಸರಾಯಿತು. 1961ರ ಕಾಯಿದೆಯಿಂದ ಆನುವಂಶಿಕ ಗ್ರಾಮಾಧಿಕಾರಗಳು ರದ್ದಾದ ಮೇಲೆ ಹುದ್ದೆ ಹೋಯಿತು, ಹೆಸರು ಉಳಿಯಿತು. ಕುಲಕರ್ಣಿ, ದೇಶಮುಖ ಎಂಬ ಪದಗಳ ಚರಿತ್ರೆಯೂ ಇಂತಹುದೇ. ಹೀಗಿರಲು, ಹಳೆಯ ಕಾಗದವೊಂದರಲ್ಲಿ ಪಾಟೀಲನು ಒಪ್ಪಿಗೆ ಕೊಟ್ಟನೆಂದಿದ್ದರೆ, ಅದು ಹುದ್ದೆಯೋ ಹೆಸರೋ ಎಂಬುದನ್ನು ಸಂದರ್ಭದಿಂದ ನಿರ್ಣಯಿಸಬೇಕು. ಅನುವಾದಕನು ಯೋಚಿಸದೆ ದೊಡ್ಡಕ್ಷರವಿಟ್ಟರೆ, ಒಬ್ಬರ ತರುವಾಯ ಒಬ್ಬರಂತೆ ಅಧಿಕಾರದಲ್ಲಿದ್ದ ಇಬ್ಬರು ಓದುಗನ ಕಣ್ಣಿಗೆ ಒಬ್ಬನೇ ವ್ಯಕ್ತಿಯಾಗಿ ಕಾಣುವ ಸಂಭವವುಂಟು. ಇಲ್ಲದ ವ್ಯಕ್ತಿ ಹುಟ್ಟುತ್ತಾನೆ, ಇದ್ದ ಹುದ್ದೆ ಮರೆಯಾಗುತ್ತದೆ.

ಕನ್ನಡ ವ್ಯಾಕರಣವು ಈ ವಿಷಯದಲ್ಲಿ ಬೇರೆಯ ದಾರಿ ಹಿಡಿದಿದೆ. 13ನೆಯ ಶತಮಾನದ ಕೇಶಿರಾಜನ ಪರಂಪರೆಯಲ್ಲಿ ನಾಮವು ರೂಢ, ಅನ್ವರ್ಥ, ಅಂಕಿತ ಎಂದು ಮೂರು ತೆರ. ಊರು, ಕೆರೆ, ಮರ ಮೊದಲಾದುವು ರೂಢಿಯಿಂದ ಬಂದ ರೂಢನಾಮಗಳು. ಗುರುತಿಗಾಗಿ ಇಟ್ಟ ಹೆಸರು ಅಂಕಿತನಾಮ. ಗುಣ, ವೃತ್ತಿ, ಸ್ಥಿತಿಗಳಿಗೆ ಅನುಗುಣವಾಗಿ ಅರ್ಥದಿಂದ ಬಂದುದು ಅನ್ವರ್ಥನಾಮ. ಕಲಬುರಗಿ ನಗರವನ್ನು ಒಮ್ಮೆ ಸುತ್ತಿಬಂದರೆ ಈ ಮೂರನೆಯ ವರ್ಗದ ಮಹತ್ವವು ಮನವರಿಕೆಯಾಗುತ್ತದೆ. 1422ರಲ್ಲಿ ಕಾಲವಾದ ಸೂಫಿ ಸಂತ ಸಯ್ಯದ್ ಮುಹಮ್ಮದ್ ಹುಸೈನಿಯವರನ್ನು ಜನರು ಬಲ್ಲುದು ‘ಗೇಸೂ ದರಾಜ್’ ಎಂದು, ಅಂದರೆ ನೀಳಕೇಶದವರೆಂದು. ‘ಬಂದೇ ನವಾಜ್’ ಎಂದು, ಅಂದರೆ ದಾಸಜನರನ್ನು ಆದರಿಸುವವರೆಂದು. ಗುಣವಾಚಕವೇ ಇಲ್ಲಿ ಹೆಸರಾಗಿ, ಇಟ್ಟ ಹೆಸರು ಹಿಂದೆ ಸರಿದಿದೆ. ಶರಣಬಸವೇಶ್ವರ ಕೆರೆಯು ಜನರ ಬಾಯಲ್ಲಿ ‘ಅಪ್ಪನ ಕೆರೆ’. ‘ಅಪ್ಪ’ ಎಂಬುದು ಮನೆಮನೆಯ ಪದ. ಆದರೂ ಯಾರ ಅಪ್ಪನೆಂದು ಈ ಊರಿನವರು ಕೇಳುವುದಿಲ್ಲ. ಕೋಟೆಯೊಳಗೆ 1367ರಲ್ಲಿ ನಿರ್ಮಿತವಾದ ಜಾಮಿ ಮಸೀದಿಯ ಹೆಸರೂ ಶುಕ್ರವಾರದ ಸಾಮೂಹಿಕ ಪ್ರಾರ್ಥನೆಯ ಮಸೀದಿ ಎಂಬ ಸಾಮಾನ್ಯಾರ್ಥವುಳ್ಳದ್ದೇ. ಬೀದರಿನಲ್ಲಿಯೂ ವಿಜಯಪುರದಲ್ಲಿಯೂ ಜಾಮಿ ಮಸೀದಿಗಳಿವೆ. ಆದರೆ ಕಲಬುರಗಿ ಕೋಟೆಯ ಮಾತು ಬಂದಾಗ ಆ ಪದವು ಒಂದೇ ಕಟ್ಟಡವನ್ನು ತೋರಿಸುತ್ತದೆ.

ಇಷ್ಟರಿಂದ ಕನ್ನಡದ ವಿಭಜನೆಯೇ ನಿರ್ದುಷ್ಟವೆಂದು ಹೇಳುವುದು ನ್ಯಾಯವಲ್ಲ. ಅನ್ವರ್ಥವೆಂಬುದು ಹೆಸರು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ. ಅಂಕಿತವೆಂಬುದು ಹೆಸರು ಏನು ಮಾಡುತ್ತದೆ ಎಂಬುದಕ್ಕೆ ಉತ್ತರ. ಒಂದೇ ಪದ ಎರಡಕ್ಕೂ ಸಲ್ಲಬಹುದು; ‘ಬಂದೇ ನವಾಜ್’ ಅಂತಹುದು. ಇಂಗ್ಲಿಷ್ ವಿಭಜನೆಯು ಎರಡನೆಯ ಪ್ರಶ್ನೆಯೊಂದನ್ನೇ ಕೇಳುವುದರಿಂದ ಅದರಲ್ಲಿ ಈ ಬೆರಕೆಯಿಲ್ಲ. ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ಡಾರ್ಟ್‌ಮತ್ ಎಂಬ ಊರಿನ ಉದಾಹರಣೆ ಕೊಡುತ್ತಾನೆ. ಡಾರ್ಟ್ ನದಿಯ ಮುಖದಲ್ಲಿರುವುದರಿಂದ ಬಂದ ಹೆಸರು ಅದು. ನದಿಯು ದಿಕ್ಕು ಬದಲಿಸಿದರೂ ಊರಿನ ಹೆಸರು ಬದಲಾಗಬೇಕಿಲ್ಲ. ನಮ್ಮ ಕಮಲಾಪುರಕ್ಕೂ ಈ ಮಾತು ಒಪ್ಪುತ್ತದೆ. ಕಮಲವೆಂದರೆ ಹೂವೆಂದಾಗಲಿ, ಕಮಲೆ ಎಂದರೆ ಲಕ್ಷ್ಮಿಯೆಂದಾಗಲಿ ಹೇಗೆ ಬಿಡಿಸಿದರೂ, ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿರುವ ಆ ಊರನ್ನು ತೋರಿಸುವ ಕೆಲಸಕ್ಕೆ ಕುಂದಿಲ್ಲ. ಹಂಪೆಯ ಬಳಿ ಇನ್ನೊಂದು ಕಮಲಾಪುರವಿದೆ. ಒಂದೇ ವಸ್ತುವಿಗೆ ಸಲ್ಲುವುದು ಅಂಕಿತನಾಮ ಎಂಬ ಸುಲಭ ಸೂತ್ರವು ಇಲ್ಲಿ ಮುರಿಯುತ್ತದೆ. ಎರಡು ಊರುಗಳಿಗೆ ಒಂದೇ ಹೆಸರಿದ್ದರೂ ‘ಕಮಲಾಪುರ’ವೆಂಬ ಒಂದು ಜಾತಿ ಏರ್ಪಡುವುದಿಲ್ಲ; ಎರಡು ಸಲ ಇಟ್ಟ ಹೆಸರು ಅದು, ಅಷ್ಟೆ.

ಈ ವಿವೇಚನೆಯು ವ್ಯಾಕರಣದ ಒಣಚರ್ಚೆಯೆಂದು ತೋರಿದರೆ, ಅದೇ ಕಮಲಾಪುರದ ಕೆಂಪು ಬಾಳೆಯನ್ನು ನೋಡಬಹುದು. ‘ಕೆಂಪು ಬಾಳೆ’ ಎಂಬುದು ಎಲ್ಲಿ ಬೆಳೆದರೂ ಸಲ್ಲುವ ಪದ. ‘ಕಮಲಾಪುರ ಕೆಂಪು ಬಾಳೆ’ ಎಂಬುದು ಭೌಗೋಳಿಕ ಸೂಚಕವಾಗಿ ನೋಂದಣಿಯಾದ ಹೆಸರು. 1999ರ ಭೌಗೋಳಿಕ ಸೂಚಕಗಳ ಕಾಯಿದೆಯು ಜಾತಿವಾಚಕವಾಗಿಬಿಟ್ಟ ಹೆಸರುಗಳನ್ನು ನೋಂದಣಿಗೆ ಅರ್ಹವಲ್ಲವೆಂದು ಹೊರಗಿಡುತ್ತದೆ. ಊರಿನ ಹೆಸರು ಯಾವುದೇ ಕೆಂಪು ಬಾಳೆಗೆ ಸಲ್ಲುವ ಮಾತಾಗಿ ಸಡಿಲಗೊಂಡರೆ, ಅಲ್ಲಿಯ ಬೆಳೆಗಾರನ ಹಕ್ಕಿನ ತಳಹದಿಯೇ ಕುಸಿಯುತ್ತದೆ. ರೂಢಕ್ಕೂ ಅಂಕಿತಕ್ಕೂ ಇರುವ ಗೆರೆಯ ಮೇಲೆ ಇಲ್ಲಿ ಜೀವನೋಪಾಯವೇ ನಿಂತಿದೆ.

ಹಾಗಾದರೆ ವಿದ್ಯಾರ್ಥಿಯು ಯಾವುದನ್ನು ಪ್ರಮಾಣವಾಗಿ ಹಿಡಿಯಬೇಕು? ನಮ್ಮ ಅಭಿಪ್ರಾಯದಲ್ಲಿ ಪದವನ್ನಲ್ಲ, ವಾಕ್ಯದಲ್ಲಿ ಅದರ ಕೆಲಸವನ್ನು. ಈ ಪದವು ಇಂತಹುದೆಂದು ವರ್ಣಿಸುತ್ತಿದೆಯೋ, ಇದೇ ಎಂದು ತೋರಿಸುತ್ತಿದೆಯೋ ಎಂದು ಮೊದಲು ಕೇಳಬೇಕು. ಆ ಸ್ಥಾನದಲ್ಲಿ ‘ಒಬ್ಬ’, ‘ಒಂದು’ ಎಂದು ಸೇರಿಸಿದರೆ ಅರ್ಥ ಕೆಡುತ್ತದೆಯೋ ಎಂದು ಅನಂತರ ನೋಡಬೇಕು. ಕನ್ನಡದಲ್ಲಿ ಕ್ರಿಯಾಪದದ ಲಿಂಗವೂ ನೆರವಾಗುತ್ತದೆ: ‘ಭೀಮ ಬಂದನು’ ಎಂದರೆ ವ್ಯಕ್ತಿ, ‘ಭೀಮಾ ತುಂಬಿ ಹರಿಯಿತು’ ಎಂದರೆ ನಮ್ಮ ಜಿಲ್ಲೆಯ ನದಿ. ಇಂಗ್ಲಿಷ್ ಈ ಭೇದವನ್ನು ನದಿಯ ಹೆಸರಿನ ಹಿಂದೆ ‘ದಿ’ ಸೇರಿಸಿ ತೋರಿಸುತ್ತದೆ. ದೊಡ್ಡಕ್ಷರ ಎರಡಕ್ಕೂ ಒಂದೇ.

ಬಹಮನಿ ನಾಣ್ಯಗಳ ಮೇಲೆ ಈ ನಗರದ ಹೆಸರು ಅಹ್ಸನಾಬಾದ್. ಬಳಿಕ ಬಹುಕಾಲ ಸರಕಾರಿ ಬರಹದಲ್ಲಿ ಗುಲಬರ್ಗಾ. 2014ರ ನವೆಂಬರ್ 1ರಿಂದ ಕಲಬುರಗಿ. ಗುಲಬರ್ಗಾ ವಿಶ್ವವಿದ್ಯಾಲಯವು ಹಳೆಯ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಮೂರು ಹೆಸರುಗಳೂ ತೋರಿಸುವುದು ಒಂದೇ ನಗರವನ್ನು. ಅದನ್ನು ನಿಶ್ಚಯಿಸಿದ್ದು ಅಕ್ಷರದ ಗಾತ್ರವಲ್ಲ, ನಾಣ್ಯ, ಶಾಸನ, ಕಾಗದಪತ್ರಗಳ ಪರಸ್ಪರ ತಾಳೆ. ಆದುದರಿಂದ ಇಂಗ್ಲಿಷ್ ಅನುವಾದವನ್ನು ಓದುವ ವಿದ್ಯಾರ್ಥಿಯು ದೊಡ್ಡಕ್ಷರ ಕಂಡಲ್ಲೆಲ್ಲ ನಿಂತು, ಮೂಲದಲ್ಲಿ ಇರುವ ಪದವಾವುದು, ಅದು ಅಲ್ಲಿ ಹೆಸರೇ, ಹುದ್ದೆಯೇ, ಗುಣವೇ ಎಂದು ವಿಚಾರಿಸುವುದು ಅವಶ್ಯ. ಶಾಲೆಯ ಉಪಾಧ್ಯಾಯರು ವ್ಯಾಕರಣದ ಮೊದಲ ಪಾಠದಲ್ಲಿಯೇ ಈ ಅಭ್ಯಾಸಕ್ಕೆ ತಳಹದಿ ಹಾಕಿದರೆ, ಮುಂದೆ ಚರಿತ್ರೆಯನ್ನು ಬೋಧಿಸುವವರ ಕೆಲಸ ಅಷ್ಟರಮಟ್ಟಿಗೆ ಹಗುರವಾದೀತು.