ಹಾರ್ಲೆಕ್ವಿನ್ ಮತ್ತು ನಮ್ಮ ಕಿಳ್ಳೇಕ್ಯಾತ

ಹತ್ತೊಂಬತ್ತನೇ ಶತಮಾನದ ಲಂಡನ್ ಮಕ್ಕಳು ಇಟಲಿಯ ಹಾಸ್ಯನಾಟಕದಿಂದ ಬಂದ ಹಾರ್ಲೆಕ್ವಿನ್ನನ ಅಚ್ಚುಚಿತ್ರ ಕತ್ತರಿಸಿ, ರಟ್ಟಿಗಂಟಿಸಿ, ಆಟಿಕೆ ರಂಗಮಂಚದ ಮೇಲೆ ಕುಣಿಸುತ್ತಿದ್ದರು. ಬಣ್ಣವಿಲ್ಲದ ಹಾಳೆಗೆ ಒಂದು ಪೆನ್ನಿ, ಬಣ್ಣದ್ದಕ್ಕೆ ಎರಡು.

ಮುನವಳ್ಳಿ ಸೀಮೆಯವರಾದ ನಮಗೆ ಅವನ ಖಾಸಾ ತಮ್ಮನೆಂದರೆ ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ. ಇವನು ಅಚ್ಚಿನಿಂದ ಹುಟ್ಟಿದವನಲ್ಲ. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಬಣ್ಣ ಹಚ್ಚಿ, ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ದೀಪ ಹಚ್ಚಿದರೆ ಆ ತೂತುಗಳೇ ಪರದೆಯ ಮೇಲೆ ಒಡವೆ! ಬಣ್ಣಕ್ಕಿಂತ ನನಗೆ ಅದೇ ಹೆಚ್ಚು ಇಷ್ಟ. ರಾಮ, ಸೀತೆಯರದು ಗಂಭೀರ ನಿಲುವು. ಕಪ್ಪು ಮೈ, ಕೆದರಿದ ಕೂದಲಿನ ಕ್ಯಾತನಾದರೋ ಹೆಂಡತಿ ಬಂಗಾರಕ್ಕನೊಡನೆ ಕಥೆಯ ನಡುವೆ ನುಗ್ಗಿ, ಊರ ಮಾತಿನಲ್ಲೇ ನಗಿಸುತ್ತಾನೆ.

ಈ ತೊಗಲುಗೊಂಬೆಯಾಟಕ್ಕಾಗಿಯೇ ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಗೊಂಬೆಯಾಟಗಾರ್ತಿ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ಮೇಲೆ, ಪದ್ಮಶ್ರೀ ಸಂದಿತು.