ಇದು ಯಾರ ಸೀರೆ?

ಹೊಸ ಭಾಷೆ ಕಟ್ಟುವ ಹವ್ಯಾಸಿಗಳು ಷಷ್ಠಿ ವಿಭಕ್ತಿಗೆ ಬಂದೊಡನೆ ಒಂದು ಪ್ರತ್ಯಯ ಅಂಟಿಸಿ ಮುಂದೆ ಸಾಗುತ್ತಾರೆ. ಅವರನ್ನು ಸೇಲಂನ ಕನ್ನಡ ಮಾತಿನ ದೇವಾಂಗರ ಮಗ್ಗದ ಮುಂದೆ ಕೂರಿಸಬೇಕು ಎನಿಸುತ್ತದೆ.

ಕೂಲಿ ನೇಯ್ಗೆಯಲ್ಲಿ ನೂಲು ಯಜಮಾನರದು, ದುಡಿಮೆ ನೇಕಾರನದು. ಅರ್ಧ ನೇಯ್ದ ಸೀರೆಯ ಮೇಲೆ ಬೆರಳಿಟ್ಟು ಇದು ಯಾರದೆಂದು ಕೇಳಿ. ನೇಕಾರನ ಸೀರೆ, ಯಜಮಾನರ ಸೀರೆ, ಎರಡೂ ಸರಿ. ಕನ್ನಡದ 'ಅ' ಪ್ರತ್ಯಯ ಇಬ್ಬರಿಗೂ ಒಂದೇ. ಜೆ.ಆರ್.ಆರ್. ಟೋಲ್ಕಿನ್ ತಮ್ಮ ಕ್ವೆನ್ಯಾ ಭಾಷೆಯಲ್ಲಿ ಇಲ್ಲಿಗೆ ಎರಡು ಪ್ರತ್ಯಯ ಇಟ್ಟರು. ಒರೊಮೆ ಎಂಬ ದೇವತೆಯ ಹೆಸರು 'ವ' ಹಚ್ಚಿಕೊಂಡರೆ ಕೊಂಬು ಈಗ ಅವನ ಸ್ವತ್ತು. 'ಓ' ಹಚ್ಚಿಕೊಂಡರೆ ಅವನಿಂದ ಬಂದದ್ದು, ಸದ್ಯ ಯಾರ ಕೈಯಲ್ಲಾದರೂ ಇರಲಿ. ಸೇಲಂನ ಸೀರೆಗೆ ನೇಕಾರನ ಪಾಲಿನ 'ಓ', ಯಜಮಾನರ ಪಾಲಿನ 'ವ'. ಕಲ್ಪಿತ ಭಾಷೆಗಳಲ್ಲಿ ಇಷ್ಟು ನ್ಯಾಯವಾದ ವ್ಯಾಕರಣ ನಾನು ಬೇರೆ ಕಂಡಿಲ್ಲ. ಮಾರ್ಕ್ ಓಕ್ರಾಂಡ್ ರಚಿಸಿದ ಕ್ಲಿಂಗಾನ್ ಕೂಡ ಭೇದ ಮಾಡುತ್ತದೆ: ಮಾತು ಬಲ್ಲ ಜೀವಿಗಳಿಗೊಂದು 'ನನ್ನ', ಉಳಿದವಕ್ಕೆ ಇನ್ನೊಂದು. ಆದರೆ ಅದು ನೋಡುವುದು ಏನು ನನ್ನದು ಎಂಬುದನ್ನು, ಹೇಗೆ ನನ್ನದು ಎಂಬುದನ್ನಲ್ಲ.

'ಹೇಗೆ' ಎಂಬುದನ್ನು ಕನ್ನಡ ಬೇರೆಡೆ ಹೇಳುತ್ತದೆ. 1887ರಲ್ಲಿ ಝಾಮೆನ್‌ಹಾಫ್ ಪ್ರಕಟಿಸಿದ ಎಸ್ಪೆರಾಂಟೊದಲ್ಲಿ ಮಕ್ಕಳು, ಸೈಕಲ್, ಜ್ವರ ಎಲ್ಲಕ್ಕೂ 'ಹಾವಿ' ಎಂಬ ಒಂದೇ ಕ್ರಿಯಾಪದ. ನಾವು 'ನನಗೆ ಇಬ್ಬರು ಮಕ್ಕಳು', 'ನನಗೆ ಜ್ವರ' ಎನ್ನುತ್ತೇವೆ. ಸೈಕಲ್ ಮಾತ್ರ 'ನನ್ನ ಹತ್ತಿರ' ಇರುತ್ತದೆ. 'ನನ್ನ ಹತ್ತಿರ ಇಬ್ಬರು ಮಕ್ಕಳಿದ್ದಾರೆ' ಎಂದು ನೋಡಿ: ಉಳಿದವರು ಊರಲ್ಲೋ, ಅಥವಾ ಇವರು ಯಾರೋ ಬಿಟ್ಟುಹೋದವರೋ ಎಂಬ ಪ್ರಶ್ನೆ ಏಳುತ್ತದೆ.

ಒಂದು ಕಡೆ ಮಾತ್ರ ನಾವೇ ಬಡವರು. ಧರ್ಮಪುರಿಯ ಕನ್ನಡಿಗ ಮನೆಯಲ್ಲಿ ಯಾರೊಂದಿಗಾದರೂ 'ನಮ್ಮ ಊರು' ಎಂದರೆ ಸಾಕು. ತಮಿಳಿಗೆ ಹೊರಳಿದ ಕ್ಷಣ ಆರಿಸಿಕೊಳ್ಳಲೇಬೇಕು: ಕೇಳುವವನೂ ಆ ಊರಿನವನಾದರೆ 'ನಮ್ಮ ಊರು', ಹೊರಗಿನವನಾದರೆ 'ಎಂಗ ಊರು'. ತೆಲುಗಿನಲ್ಲೂ 'ಮನ', 'ಮಾ' ಎಂಬ ಇದೇ ಭೇದವಿದೆ. ದಿನವೂ ಎರಡು ವ್ಯಾಕರಣಗಳ ನಡುವೆ ಓಡಾಡುವ ಈ ಜನರಿಗಿಂತ ಒಳ್ಳೆಯ ಪರೀಕ್ಷಕರು ಹೊಸ ಭಾಷೆಗೆ ಸಿಗಲಾರರು.

ಕ್ವೆನ್ಯಾದಲ್ಲೂ ಎರಡು 'ನಮ್ಮ' ಉಂಟು. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ದಾರಿಯಲ್ಲಿ ಸಿಕ್ಕ ಎಲ್ಫ್‌ಗಳಿಗೆ ಫ್ರೋಡೊ ಅದೇ ಭಾಷೆಯಲ್ಲಿ ವಂದಿಸುವಾಗ 'ನಮ್ಮ ಭೇಟಿ' ಎನ್ನುತ್ತಾನೆ. 1954ರ ಮೊದಲ ಆವೃತ್ತಿಯಲ್ಲಿ ಆ ಪದದ ಕೊನೆ 'ಲ್ಮೊ' ಎಂದಿತ್ತು. ಟೋಲ್ಕಿನ್ ಮುಂದೆ ಅದನ್ನು 'ಲ್ವೊ' ಎಂದು ತಿದ್ದಿದರು. ಕೇಳುವವರನ್ನೂ ಒಳಗೊಳ್ಳುವ 'ನಮ್ಮ' ಅದು. ಭೇಟಿ ಇಬ್ಬರದೂ ತಾನೇ.